ಮೋಹನ್‌ಸರಾಯ್ ದಾಟದ ಗಾಡಿ

ಕಾರಿನಲ್ಲಿ ಸ್ಟಿಯರಿಂಗಿನ ಹಿಂದೆ, ಬ್ಯಾಟರಿಯ ಚಿತ್ರವಿರುವ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಕೀಲಿ ತಿರುಗಿಸಿದಾಗ ಅದು ಹೊತ್ತಿಕೊಳ್ಳಬೇಕು, ಎಂಜಿನ್ ಶುರುವಾದ ಕೂಡಲೇ ಆರಿಹೋಗಬೇಕು. ಇಷ್ಟು ನನಗೂ ಗೊತ್ತಿತ್ತು. ಆರದೆ ಉಳಿದರೆ ಏನರ್ಥ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾಗಿ ದೀಪಾವಳಿ ಹತ್ತಿರ ಬರುವ ತನಕ ಆ ದೀಪ ನನ್ನನ್ನು ಆಡಿಸಿದ ಆಟ ಅಷ್ಟಿಷ್ಟಲ್ಲ. ಈಗ ಎಲ್ಲ ತಿಳಿಯಿತು ಎಂದು ಹೇಳುವ ಧೈರ್ಯ ಇವತ್ತಿಗೂ ನನಗಿಲ್ಲ.

ನಾನು ಕಾಶಿಯಲ್ಲಿ, ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಎಲೆ, ಬೇರು, ಬೀಜದ ವಿಷಯ ಕೇಳಿ, ಹೇಳುತ್ತೇನೆ. ಬಾನೆಟ್ಟಿನ ಕೆಳಗೆ ಏನಿದೆಯೋ ಅದರ ತಲೆಬುಡ ನನಗೆ ತಿಳಿಯದು. ಕೆಲಸಕ್ಕೆಂದು ಹುಬ್ಬಳ್ಳಿಯಿಂದ ಬಂದವಳು ಇಲ್ಲೇ ಉಳಿದೆ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವವರಿಗೆ ಹೇಳಿ ಹೇಳಿ ಸಾಕಾಗಿದೆ. ಅಪ್ಪ ನಿವೃತ್ತರಾದ ಮೇಲೆ ಅವ್ವನನ್ನು ಕರೆದುಕೊಂಡು ನನ್ನ ಹತ್ತಿರವೇ ಬಂದುಬಿಟ್ಟರು. ಕೇದಾರ ಘಾಟಿನ ಹಿಂದಿನ ಓಣಿಯಲ್ಲಿ ಮನೆ. ಓಣಿಯಲ್ಲಿ ಎರಡು ಸೈಕಲ್ ಎದುರಾದರೆ ಒಂದು ಹಿಂದೆ ಸರಿಯಬೇಕು. ಹಾಗಾಗಿ ಕಾರು ಸೋನಾರ್‌ಪುರದ ರಸ್ತೆಯಲ್ಲಿ, ಪರಿಚಯದವರ ಅಂಗಳದಲ್ಲಿ ನಿಲ್ಲುತ್ತದೆ. ಅವ್ವ ಎರಡು ವರ್ಷದ ಹಿಂದೆ ಇಲ್ಲೇ ತೀರಿಕೊಂಡಳು. ಅಂದಿನಿಂದ ಮನೆಯಲ್ಲಿ ಅಪ್ಪ, ನಾನು, ಇಬ್ಬರೇ.

ಅಪ್ಪ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಬೆಳಗಿನ ಮೊದಲ ಬಸ್ಸು ಹೊರಡುವ ಮುಂಚೆ ಅದರ ಎಂಜಿನ್ನಿಗೆ ವಿಭೂತಿ ಹಚ್ಚಿ ಕೈಮುಗಿಯುವುದು ಅವರ ಡಿಪೋದ ರೂಢಿಯಂತೆ. ಆ ರೂಢಿಯನ್ನು ಕಾಶಿಗೂ ತಂದರು. ಕೇದಾರ ಘಾಟಿನಲ್ಲಿ ಸ್ನಾನ ಮುಗಿಸಿ, ಹಿಂಡಿದ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಸೋನಾರ್‌ಪುರಕ್ಕೆ ನಡೆದು, ನನ್ನ ಕಾರಿನ ಬಾನೆಟ್ ಎತ್ತಿ ವಿಭೂತಿ ಹಚ್ಚಿ, ಬರುವಾಗ ತರಕಾರಿ ಹಿಡಿದುಕೊಂಡು ಬರುವುದು ಅವರ ದಿನಚರಿ. ಅಂಗಳದ ಮನೆಯವರು ಮೊದಮೊದಲು ನಕ್ಕರು, ಆಮೇಲೆ ತಮ್ಮ ಸ್ಕೂಟರಿಗೂ ಹಚ್ಚಿಸಿಕೊಂಡರು. ಮನೆಯಲ್ಲೇ ಇಂಥವರೊಬ್ಬರು ಇರುವಾಗ ಗಾಡಿಯ ಚಿಂತೆ ನನಗ್ಯಾಕೆ ಎಂದು ನಾನು ಆರಾಮಾಗಿದ್ದೆ.

ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಪ್ರಯಾಗದಲ್ಲಿ ಮಗನ ಮನೆಯಲ್ಲಿದ್ದಳು. ಅಪ್ಪನಿಗೆ ಹೆತ್ತ ತಾಯಿಯ ಮುಖ ನೆನಪಿಲ್ಲ. ಅವರನ್ನು ಎತ್ತಿ ಆಡಿಸಿ, ಉಣ್ಣಿಸಿ, ಸಾಲಿಗೆ ಕಳಿಸಿ ದೊಡ್ಡವರನ್ನಾಗಿ ಮಾಡಿದವಳು ಈ ಅಕ್ಕ. ಆ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಅಲುಗಾಡಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಿವಿ ಬಹಳ ಮಂದ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ.

ಅತ್ತೆಯ ಮಗ ನನಗೆ ಫೋನು ಮಾಡಿದ. "ಅವ್ವ ದಿನಾ ಮಾಮಾನ್ನ ಕೇಳ್ತಾಳ. ತಮ್ಮ ಯಾವಾಗ ಬರ್ತಾನ, ತಮ್ಮ ಯಾವಾಗ ಬರ್ತಾನ, ಒಂದೇ ಹಠ. ಇನ್ನ ಎಷ್ಟು ದಿನಾನೋ ಏನೋ. ಜಲ್ದಿ ಕರಕೊಂಡು ಬಾ."

ಕಾಶಿಯಿಂದ ಪ್ರಯಾಗ ಮೂರು ತಾಸಿನ ದಾರಿ. ಇದೇನು ದೊಡ್ಡ ಮಾತು, ಭಾನುವಾರವೇ ಹೊರಟರಾಯಿತು ಎಂದುಕೊಂಡೆ. ಅಪ್ಪನಿಗೆ ಹೇಳಿದಾಗ ಅವರೂ "ಹೋಗೂಣು" ಎಂದರು. ಹಾಗೆಂದವರು ತಾಟಿನಲ್ಲಿದ್ದ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಕ್ಕನ ಸಂಕಟ ಎಂದು ನಾನು ತಿಳಿದೆ.

ಭಾನುವಾರ ಬೆಳಿಗ್ಗೆ ಹೊರಟೆವು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಊರು ಮುಗಿದು ಮೋಹನ್‌ಸರಾಯ್ ಬಂತು. ಅಲ್ಲಿಂದ ಪ್ರಯಾಗದ ಹೆದ್ದಾರಿ. "ಸ್ವಲ್ಪ ನಿಲ್ಲಸವಾ, ಚಹಾ ಕುಡಿಯೂಣು" ಎಂದರು ಅಪ್ಪ. ಚಹಾದಂಗಡಿ ರಸ್ತೆಯ ಆಚೆಗಿತ್ತು. ಅಪ್ಪನಿಗೆ ಮೊಣಕಾಲು ನೋವು, ನಾನೇ ದಾಟಿಕೊಂಡು ಹೋಗಿ ಮಣ್ಣಿನ ಕುಡಿಕೆಗಳಲ್ಲಿ ಚಹಾ ತಂದೆ. ಬರುವಷ್ಟರಲ್ಲಿ ಅವರು ಗಾಡಿಯ ಮುಂದೆ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. "ಎಂಜಿನ್ನಿನ ನೀರು ನೋಡಿದೆ, ಬರೋಬ್ಬರಿ ಅದ" ಎಂದರು. ಚಹಾ ಕುಡಿದು ಗಾಡಿ ಶುರು ಮಾಡಿದೆ. ಕೆಂಪು ದೀಪ ಆರಲಿಲ್ಲ.

"ಅಪ್ಪಾ, ಇದೇನಿದು?"

ಅಪ್ಪ ಬಗ್ಗಿ ನೋಡಿದರು. "ಚಾರ್ಜಿಂಗ್ ಆಗವಲ್ದು. ಎಂಜಿನ್ ಓಡೂ ಮುಂದ ಬ್ಯಾಟರಿ ತುಂಬೂ ಆಲ್ಟರ್ನೇಟರಿನಿಂದ ಕರೆಂಟು ಬರವಲ್ದು. ಈಗ ಗಾಡಿ ಬರೇ ಬ್ಯಾಟರಿ ಮ್ಯಾಲೆ ನಡೀಲಿಕ್ಕೆ ಹತ್ತೇದ."

"ಪ್ರಯಾಗದ ತನಕಾ ನಡಿಯೂದಿಲ್ಲೇನು?"

"ನಡೀಲಿಕ್ಕೂ ಬಹುದು. ನಡುವ ನಿಂತ್ರ ಏನ್ ಮಾಡ್ತಿ? ಲಾರಿ ಓಡಾಡೂ ರೋಡು ಇದು. ಹೊಳ್ಳಿಸು."

ಏಸಿ ಆರಿಸಿದರು, ರೇಡಿಯೋ ಆರಿಸಿದರು. ಇದ್ದಷ್ಟು ಕರೆಂಟು ಮನೆ ಮುಟ್ಟುವ ತನಕ ಸಾಕಾಗಬೇಕಲ್ಲ. ಸೆಕೆಯಲ್ಲಿ ಬೆವರುತ್ತ, ಆ ಕೆಂಪು ದೀಪದ ಮೇಲೇ ಕಣ್ಣಿಟ್ಟುಕೊಂಡು ನಾನು ವಾಪಸು ಓಡಿಸಿದೆ. ಅಪ್ಪ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು.

ಮರುದಿನ ಅಪ್ಪ ಎಂದಿನಂತೆ ಸ್ನಾನ ಮುಗಿಸಿ, ಗಾಡಿಗೆ ವಿಭೂತಿ ಹಚ್ಚಿ ಬಂದ ಮೇಲೆ ನಾನು ಅದನ್ನು ಮಿಸ್ತ್ರಿಯ ಹತ್ತಿರ ಒಯ್ಯಲು ಹೋದೆ. ಕೀಲಿ ತಿರುಗಿಸಿದೆ, ಎಂಜಿನ್ ಶುರುವಾಯಿತು, ದೀಪ ಆರಿತು. ಮಿಸ್ತ್ರಿಯ ಅಂಗಡಿಯಲ್ಲೂ ಆರಿತು. ಅವನು ಮೀಟರಿನ ಕೆಂಪು ತಂತಿ ಬ್ಯಾಟರಿಯ ಒಂದು ಕಡೆ, ಕಪ್ಪು ತಂತಿ ಇನ್ನೊಂದು ಕಡೆ ಹಿಡಿದು ನೋಡಿದ. ಎಂಜಿನ್ ಬಂದ್ ಆಗಿದ್ದಾಗ ಹನ್ನೆರಡೂವರೆ ವೋಲ್ಟ್, ಓಡುವಾಗ ಹದಿನಾಲ್ಕು. ಹಾಗೇ ಇರಬೇಕಂತೆ. ಹನ್ನೆರಡರಲ್ಲೇ ನಿಂತರೆ ಆಲ್ಟರ್ನೇಟರು ಕೆಲಸ ಮಾಡುತ್ತಿಲ್ಲ ಎಂದರ್ಥ, ಹದಿನಾಲ್ಕಕ್ಕೆ ಏರಿದರೆ ಮಾಡುತ್ತಿದೆ ಎಂದರ್ಥ.

"ಸಬ್ ಠೀಕ್ ಬಾ, ಮೇಡಂ," ಎಲ್ಲ ಸರಿಯಾಗಿಯೇ ಇದೆ ಎಂದ ಮಿಸ್ತ್ರಿ.

"ನಿನ್ನೆ ದೀಪ ಹತ್ತಿತ್ತಲ್ಲ" ಎಂದು ನನ್ನ ಹಿಂದಿಯಲ್ಲಿ ವಾದ ಮಾಡಿದೆ. ಅವನು ನನ್ನ ಮುಖ ನೋಡಿದ, ನಾನು ಗಾಡಿಯ ಮುಖ ನೋಡಿದೆ. ಮನೆಯಲ್ಲಿ ಕೆಂಡದಂತೆ ಸುಡುತ್ತಿದ್ದ ಮಗುವಿನ ಜ್ವರ ಡಾಕ್ಟರ ಬಾಗಿಲಲ್ಲಿ ಇಳಿದುಬಿಟ್ಟರೆ ತಾಯಿಗೆ ಹೀಗೇ ಆಗುತ್ತಿರಬೇಕು. ಕೊನೆಗೆ ಅವನು, ಬ್ಯಾಟರಿಗೆ ಮೂರು ವರ್ಷವಾಗಿದೆ, ಇವತ್ತಲ್ಲ ನಾಳೆ ಹೋಗುವುದೇ, ಬದಲಿಸಿಬಿಡೋಣ ಎಂದ. ಬದಲಿಸಿದೆ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವರು, ನೀವೇ ಒಮ್ಮೆ ಕೂತು ನೋಡಬಾರದೇ ಎಂದೆ. "ನಂದು ಬಸ್ಸಿನ ಕಾಲ ಮಗಳ. ಅವು ಇಪ್ಪತ್ನಾಕು ವೋಲ್ಟಿನವು. ಈ ಸಣ್ಣ ಗಾಡಿ ವ್ಯವಹಾರ ನನಗ ತಿಳಿಯೂದಿಲ್ಲ" ಎಂದರು. ಓಣಿಯಲ್ಲಿ ಯಾರ ಮನೆಯ ಇನ್ವರ್ಟರ್ ಕೆಟ್ಟರೂ ಕರೆಯದೇ ಹೋಗಿ ಮೂಗು ತೂರಿಸುವ ಮನುಷ್ಯ ಇವರೇ ಏನು ಎಂದು ನನಗೆ ಸೋಜಿಗವಾಯಿತು. ವಯಸ್ಸಾಯಿತು, ಕೈ ನಡುಗುವುದೆಂದು ಹಿಂಜರಿಯುತ್ತಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲಿನ ದಿನಗಳಲ್ಲಿ ಗಾಡಿ ತಂಟೆಯನ್ನೇ ಮಾಡಲಿಲ್ಲ. ಕ್ಯಾಂಪಸ್ಸಿಗೆ ಹೋಯಿತು, ಬಂತು. ಜಂಗಮವಾಡಿ ಮಠದಲ್ಲಿ ಹುಬ್ಬಳ್ಳಿಯ ಕಡೆಯ ಯಾತ್ರಿಕರು ಬಂದಿದ್ದಾರೆಂದು ಒಂದು ಸಂಜೆ ಗೋದೌಲಿಯಾ ಚೌಕದ ತನಕವೂ ಹೋಗಿ ಅಲ್ಲಿಂದ ನಡೆದೆವು. ದೀಪ ಒಂದು ಸಲವೂ ಹತ್ತಲಿಲ್ಲ. ಹತ್ತದಿದ್ದರೆ ಸಂತೋಷ ಪಡಬೇಕಲ್ಲವೇ? ನನಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಈಗ ಹತ್ತೀತು, ಆಗ ಹತ್ತೀತು ಎಂದು ರಸ್ತೆ ಬಿಟ್ಟು ದೀಪವನ್ನೇ ನೋಡುತ್ತ ಓಡಿಸಿ, ಸೋನಾರ್‌ಪುರದಲ್ಲಿ ಒಂದು ಇ-ರಿಕ್ಷಾಕ್ಕೆ ತಾಗಿಸುವುದು ಸ್ವಲ್ಪದರಲ್ಲಿ ತಪ್ಪಿತು. ಅದರವನು ಭೋಜಪುರಿಯಲ್ಲಿ ನನ್ನ ಕಣ್ಣುಗಳ ಬಗ್ಗೆ ಕೇಳಿದ್ದನ್ನು ಇಲ್ಲಿ ಬರೆಯಲಾರೆ. ವಿಭಾಗದ ಸಹೋದ್ಯೋಗಿಯೊಬ್ಬರು ಬೆಲ್ಟು ಜಾರುತ್ತಿರಬೇಕು ಎಂದರು. ಇನ್ನೊಬ್ಬರು ದೀಪವೇ ಕೆಟ್ಟಿರಬೇಕು ಎಂದರು. ಎಲ್ಲರ ಮಾತೂ ಸರಿ ಎನ್ನಿಸುತ್ತಿತ್ತು.

ಅತ್ತೆಯ ಮಗ ಮತ್ತೆ ಫೋನು ಮಾಡಿದ. ಮತ್ತೊಂದು ಭಾನುವಾರ ಗೊತ್ತುಮಾಡಿದೆವು. ಈ ಸಲ ಚಹಾ ಇಲ್ಲ, ಏನೂ ಇಲ್ಲ, ಎಲ್ಲೂ ನಿಲ್ಲಿಸದೆ ಹೋಗಿಬಿಡುವುದು ಎಂದು ನಾನು ನಿಶ್ಚಯಿಸಿದ್ದೆ. "ನೀ ಮನಿ ಕೀಲಿ ಹಾಕ್ಕೊಂಡು ಬಾ, ನಾ ಮುಂದ ಹೋಗಿ ವಿಭೂತಿ ಹಚ್ಚಿರ್ತೀನಿ" ಎಂದು ಅಪ್ಪ ಮೊದಲೇ ಹೊರಟರು. ನಾನು ಸೋನಾರ್‌ಪುರ ಮುಟ್ಟಿದಾಗ ಅವರು ಚೀಲ ಹಿಡಿದು ಗಾಡಿಯ ಪಕ್ಕ ನಿಂತಿದ್ದರು. ಒಳಗೆ ಕೂತು ಶುರು ಮಾಡಿದೆ. ಅಂಗಳದಲ್ಲೇ, ಗಾಡಿ ಒಂದು ಗೇಣು ಅಲುಗುವ ಮುಂಚೆಯೇ, ದೀಪ ಹತ್ತಿಕೊಂಡು ಕೂತಿತು.

ಹೊಸ ಬ್ಯಾಟರಿ! ನಾನು ಸ್ಟಿಯರಿಂಗಿಗೆ ಗುದ್ದಿದೆ. ಹಾರ್ನು ಹೊಡೆದುಕೊಂಡಿತು, ಮೇಲಿನ ಮಹಡಿಯವರು ಇಣುಕಿದರು. ನನಗೆ ಅಳು ಬಂದಿತ್ತು. ಅಲ್ಲೊಬ್ಬಳು ಮುದುಕಿ ತಮ್ಮನಿಗಾಗಿ ಬಾಗಿಲು ಕಾಯುತ್ತ ಮಲಗಿದ್ದಾಳೆ, ಇಲ್ಲಿ ಈ ಹಾಳು ಗಾಡಿ ಪ್ರಯಾಗ ಎಂದರೆ ಸಾಕು ಮುಖ ತಿರುಗಿಸುತ್ತದೆ. "ನಾ ಏನ್ ಮಾಡ್ಲಿವಾ" ಎಂದು ಅಪ್ಪ ಮೆಲ್ಲಗೆ ಅಂದರು. ನಿಮ್ಮನ್ನು ಯಾರೇನು ಅಂದರು ಎಂದು ನಾನು ರೇಗಿದೆ.

ಸೋಮವಾರ ಮಿಸ್ತ್ರಿಯ ಹತ್ತಿರ ಹೋಗುವಾಗ ದೀಪ ಮತ್ತೆ ಇಲ್ಲ. ಅವನು ಈ ಸಲ ಆಲ್ಟರ್ನೇಟರನ್ನೇ ಬಿಚ್ಚಿ, ಒಳಗಿನ ಕಾರ್ಬನ್ ಬದಲಿಸಿ, ಬೆಲ್ಟು ಬಿಗಿದು ಕೊಟ್ಟ. ಕೊಡುವಾಗ ತಲೆ ಕೆರೆದುಕೊಳ್ಳುತ್ತ, "ಮೇಡಂ, ಯೇ ಬತ್ತಿ ಖಾಲಿ ಇತವಾರ್ ಕೋ ಜಲತೀ ಹೈ ಕ್ಯಾ?" ಎಂದು ಕೇಳಿದ. ಬರೀ ಭಾನುವಾರ ಹತ್ತುವ ದೀಪ! ನಗುವ ಬದಲು ನಾನು ನಿಜವಾಗಿ ಯೋಚಿಸತೊಡಗಿದೆ. ಹುಡುಗರಿಗೆ ವಿಜ್ಞಾನ ಹೇಳಿಕೊಡುವವಳು, ಅದೇ ಸಂಜೆ ನಮ್ಮ ಓಣಿಯ ಪುರೋಹಿತರ ಮನೆಗೆ ಹೋಗಿ, ಪ್ರಯಾಗಕ್ಕೆ ಹೊರಡಲು ಒಳ್ಳೆಯ ದಿನ ಯಾವುದು ಎಂದು ಕೇಳಿದೆ. ಅವರು ಕರ್ನಾಟಕದವರೇ, ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತೀರ್ಥವಿಧಿ ಮಾಡಿಸುವವರು. ಪಂಚಾಂಗಕ್ಕೆ ಕೈ ಹಾಕಿದವರು ಹಿಂದೆಗೆದು, "ದಿನಾ ನಾ ಹೇಳ್ತೀನ್ರಿ. ಆದ್ರ ಮೊದಲ ನಿಮ್ಮ ತಂದಿಯವರನ್ನ ಕೇಳ್ರಿ" ಎಂದರು. ದೊಡ್ಡವರನ್ನು ಕೇಳಿ ಹೊರಡು ಎಂಬ ಉಪಚಾರದ ಮಾತು ಎಂದುಕೊಂಡು ಬಂದೆ.

ಆ ವಾರದ ನಡುವೆ ಅತ್ತೆ ಅನ್ನ ಬಿಟ್ಟಳೆಂದು ಸುದ್ದಿ ಬಂತು. ಬರೀ ನೀರು ಕುಡಿಯುತ್ತಿದ್ದಾಳೆ, ತಮ್ಮನನ್ನು ಕೇಳುವುದು ಮಾತ್ರ ಬಿಟ್ಟಿಲ್ಲ. ಗಾಡಿಯ ಮನೆ ಹಾಳಾಗಲಿ ಎಂದು ಟ್ಯಾಕ್ಸಿಗೆ ಹೇಳಿದೆ. ಅಪ್ಪ ಆಗಲೂ ಬೇಡ ಎನ್ನಲಿಲ್ಲ. ಬೆಳಿಗ್ಗೆ ಮಡಿ ಪಂಚೆ ಉಟ್ಟು, ಚೀಲ ಹಿಡಿದು ನನ್ನ ಹಿಂದೆಯೇ ಸೋನಾರ್‌ಪುರದ ತನಕ ಬಂದರು. ಟ್ಯಾಕ್ಸಿಯವನು ಬಾಗಿಲು ತೆಗೆದು, "ಬೈಠಿಯೇ ಬಾಬೂಜಿ" ಎಂದ. ಅಪ್ಪ ಬಾಗಿಲ ಮೇಲೆ ಕೈಯಿಟ್ಟು ನಿಂತರು. ನಿಂತೇ ಇದ್ದರು.

"ಹತ್ತ್ರಿ ಅಪ್ಪಾ, ಹೊತ್ತಾತು."

ಅಪ್ಪ ನನ್ನ ಕಡೆ ತಿರುಗಿದರು. "ಇದನ್ನ ಕೆಡಸಲಿಕ್ಕೆ ನನಗ ಆಗೂದಿಲ್ಲ ಮಗಳ" ಎಂದರು.

ನನಗೆ ಮೊದಲು ಏನೂ ಹೊಳೆಯಲಿಲ್ಲ. ಕಣ್ಣು ಕಣ್ಣು ಬಿಡುತ್ತ ನಿಂತೆ. ಅಪ್ಪ ಚೀಲವನ್ನು ನೆಲಕ್ಕಿಟ್ಟು, ಅಂಗಳದೊಳಗೆ ಹೋಗಿ, ನಮ್ಮ ಗಾಡಿಯ ಬಾನೆಟ್ ಎತ್ತಿದರು. ಒಳಗೆ ಕೈ ಹಾಕಿ ಆಲ್ಟರ್ನೇಟರಿನ ಹಿಂದಿನ ಒಂದು ಪ್ಲಗ್ಗನ್ನು ತೋರಿಸಿದರು. ಸಣ್ಣ ತಂತಿಗಳಿದ್ದ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಗ್ಗು. "ಇದರ ಲಾಕ್ ಎತ್ತಿ ಒಂದೀಟು ಹಿಂದ ಜಗ್ಗಿದ್ರ ಮುಗೀತು, ಚಾರ್ಜಿಂಗ್ ನಿಂತು ದೀಪ ಹತ್ತತದ. ಒತ್ತಿದ್ರ ಮತ್ತ ಸರಿ ಆಗತದ. ಮೋಹನ್‌ಸರಾಯ್‌ದಾಗ ನೀ ಚಹಾಕ್ಕ ಹೋದಾಗ ಜಗ್ಗಿದೆ. ಮರುದಿನ ವಿಭೂತಿ ಹಚ್ಚೂ ಮುಂದ ಒತ್ತಿಟ್ಟೆ. ಎರಡನೇ ಸಲ ಇಲ್ಲೇ ಜಗ್ಗಿದೆ."

ಪಿತ್ತ ನೆತ್ತಿಗೇರಿತು. ಮಿಸ್ತ್ರಿಯ ಮುಂದೆ ನಾನು ಬೆಪ್ಪಳಂತೆ ನಿಂತದ್ದು, ಮುಹೂರ್ತ ಕೇಳಿಕೊಂಡು ಹೋದದ್ದು, ಎಲ್ಲ ಒಮ್ಮೆಗೇ ನೆನಪಾಯಿತು. ಟ್ಯಾಕ್ಸಿಯವನ ಎದುರಿಗೇ ಕೂಗಾಡಿದೆ. ಅವನಿಗೆ ಕನ್ನಡ ಬಾರದು ಎನ್ನುವುದೊಂದೇ ಪುಣ್ಯ. ನಾನು ಕೂಗಿ ಸುಸ್ತಾದ ಮೇಲೆ ಅಪ್ಪ ಹೇಳಿದರು. ಅವ್ವ ಹೋದ ಹದಿನೈದನೆಯ ದಿನ ಅವರು ಕೇದಾರ ಘಾಟಿನಲ್ಲಿ, ಅದೇ ಪುರೋಹಿತರ ಕೈಯಲ್ಲಿ ಸಂಕಲ್ಪ ಮಾಡಿದ್ದರಂತೆ. ಕಾಶಿಯ ಸುತ್ತ ಯಾತ್ರಿಕರು ಪ್ರದಕ್ಷಿಣೆ ಹಾಕುವ ಪಂಚಕ್ರೋಶಿ ದಾರಿ ಇದೆಯಲ್ಲ, ಅದೇ ಕ್ಷೇತ್ರದ ಎಲ್ಲೆ. ಜೀವ ಇರುವ ತನಕ ಆ ಎಲ್ಲೆ ದಾಟುವುದಿಲ್ಲ ಎಂಬ ವ್ರತ. ಹೀಗೆ ವ್ರತ ಹಿಡಿದವರು ಇಲ್ಲಿ ಮುಂಚಿನಿಂದಲೂ ಇದ್ದಾರೆ, ಓಣಿಗೊಬ್ಬರು ಸಿಗುತ್ತಾರೆ. ನನ್ನ ಮನೆಯಲ್ಲೇ ಒಬ್ಬರಿದ್ದಾರೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಪ್ರಯಾಗದ ದಾರಿಯಲ್ಲಿ ಆ ಎಲ್ಲೆ ಮೋಹನ್‌ಸರಾಯ್‌ನಿಂದ ಸ್ವಲ್ಪ ಮುಂದೆ ಬರುತ್ತದೆ.

"ಅಕ್ಕನ್ನ ನೋಡಬ್ಯಾಡ ಅಂತ ಯಾವ ದೇವರು ಹೇಳ್ಯಾನ ಅಪ್ಪಾ?"

"ದೇವರಿಗೆ ಕೊಟ್ಟ ಮಾತಲ್ಲವಾ ಅದು. ನಿಮ್ಮವ್ವಗ ಕೊಟ್ಟದ್ದು. ಭಾಷಾ ಬರದ ಊರಾಗ ನನ್ನನ್ನ ಒಬ್ಬಾಕಿನ್ನ ಬಿಟ್ಟು ಹೋಗಬ್ಯಾಡ್ರಿ ಅಂತ ಕಡೀಕ ಕೈ ಹಿಡಕೊಂಡಳು. ಹೂಂ ಅಂದೆ. ಆಕಿ ಬೂದಿ ಈ ನೀರಾಗೇ ಅದ."

"ಹಂಗಾರ ಬರೂದಿಲ್ಲ ಅಂತ ಮೊದಲ ಹೇಳಬೇಕಿತ್ತು. ಗಾಡಿ ಯಾಕ ಕೆಡಿಸಿದ್ರಿ?"

ಅಪ್ಪ ಬಾನೆಟ್ಟಿನ ಅಂಚು ಹಿಡಿದುಕೊಂಡರು. "ಬರೂದಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರ ಅಕ್ಕನ್ನ ನಾ ಬಿಟ್ಟಂಗ ಆಗತದ. ಗಾಡಿ ಕೆಟ್ಟರ ಗಾಡಿ ಕೆಟ್ಟಂಗ."

ಸತ್ತವಳಿಗೆ ಕೊಟ್ಟ ಮಾತು ದೊಡ್ಡದೋ, ಉಸಿರು ಹಿಡಿದುಕೊಂಡು ಕಾಯುತ್ತಿರುವವಳು ದೊಡ್ಡವಳೋ? ಅವ್ವನ ಮಗಳಾಗಿ ಒಂದು ಯೋಚನೆ ಬಂದರೆ, ಅತ್ತೆಯ ಮುಖ ನೆನಪಾಗಿ ಇನ್ನೊಂದು ಬರುತ್ತಿತ್ತು. ಎರಡೂ ಸರಿ ಎನ್ನಿಸಿ ನನಗೆ ತಲೆ ಕೆಟ್ಟುಹೋಯಿತು. ಅಪ್ಪನನ್ನು ಎತ್ತಿ ಟ್ಯಾಕ್ಸಿಯಲ್ಲಿ ಕೂರಿಸಲೇ ಎಂದೂ ಒಮ್ಮೆ ಅನ್ನಿಸಿತು. ಟ್ಯಾಕ್ಸಿಯವನನ್ನು ಕಳಿಸಿಬಿಟ್ಟೆ. ಯಾಕೆ ಎಂದರೆ ಸಿಟ್ಟು, ಬೇರೇನೂ ಅಲ್ಲ. ಇದೇ ಗಾಡಿ ಪ್ರಯಾಗ ಮುಟ್ಟುತ್ತದೆಂದು ಅವರಿಗೆ ತೋರಿಸಬೇಕಿತ್ತು.

ಅಪ್ಪ ಪ್ಲಗ್ಗನ್ನು ಬೆರಳಿನಿಂದ ಒತ್ತಿ, ಲಾಕ್ ಕೂತಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದರು. ನಾನು ಕೀಲಿ ತಿರುಗಿಸಿದೆ. ದೀಪ ಹತ್ತಿತು, ಎಂಜಿನ್ ಶುರುವಾಯಿತು, ಆರಿತು. "ಇನ್ನ ಏನೂ ಆಗೂದಿಲ್ಲ. ಸಾವಕಾಶ ಹೋಗು" ಎಂದರು. ಅತ್ತೆಗೆ ಏನು ಹೇಳಲಿ ಎಂದು ಕೇಳಿದೆ. ಪಂಚೆಯ ಅಂಚಿನಲ್ಲಿ ಮುಖ ಒರೆಸಿಕೊಂಡರು. ಚೀಲ ಎತ್ತಿಕೊಂಡು ಓಣಿಯ ಕಡೆ ನಡೆದರು.

ಗಾಡಿ ಎಲ್ಲೂ ನಿಲ್ಲಲಿಲ್ಲ. ಮೋಹನ್‌ಸರಾಯ್ ದಾಟಿತು, ಆ ಎಲ್ಲೆ ಎಲ್ಲಿತ್ತೋ ಅದನ್ನೂ ದಾಟಿತು. ದಾರಿಯುದ್ದಕ್ಕೂ ಅತ್ತೆಗೆ ಏನು ಹೇಳುವುದು ಎಂದು ಮಾತು ಜೋಡಿಸುತ್ತಿದ್ದೆ. ನಿಜವನ್ನೇ ಹೇಳುವುದು ಎಂದು ತೀರ್ಮಾನ ಮಾಡಿದ್ದೆ. ವ್ರತ ಎಂದರೆ ಅವಳ ಕಾಲದವರಿಗೆ ತಿಳಿಯದೇನು, ತಮ್ಮ ಕಾಶಿ ಬಿಡುವುದಿಲ್ಲ ಎಂದರೆ ಸಂತೋಷವನ್ನೂ ಪಟ್ಟಾಳು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅತ್ತೆಯ ಮಗ ಗೇಟಿನಲ್ಲೇ ನಿಂತಿದ್ದ. ನನ್ನ ಪಕ್ಕದ ಖಾಲಿ ಸೀಟು ನೋಡಿ, ನನ್ನನ್ನು ಒಳಗೆ ಕರೆದೊಯ್ದ.

ಅತ್ತೆ ಹಾಸಿಗೆಯಲ್ಲಿ ಸಣ್ಣಗಾಗಿ ಹೋಗಿದ್ದಳು. ನನ್ನ ಗುರುತು ಹಿಡಿದಳು. ಕೈಯನ್ನು ತಡವಿ, ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. "ತಮ್ಮ ಎಲ್ಲೆ?" ಎಂದಳು.

ಅವಳ ಕಿವಿಯ ಹತ್ತಿರ ಬಗ್ಗಿದೆ. ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಬಾಯಿಗೆ ಬರಲಿಲ್ಲ.

"ಗಾಡಿ ಕೆಟ್ಟದ ಅತ್ತಿ" ಎಂದೆ. ಕೇಳಿಸಲಿಲ್ಲ. ಇಡೀ ಮನೆಗೆ ಕೇಳುವಂತೆ ಕೂಗಿ ಹೇಳಿದೆ, "ಗಾಡಿ ಕೆಟ್ಟದ." ಕಿಟಕಿಯ ಹತ್ತಿರ ನಿಂತಿದ್ದ ಅತ್ತೆಯ ಮಗ ಗೇಟಿನಲ್ಲಿದ್ದ ನನ್ನ ಕಾರನ್ನು ನೋಡಿ, ಆಮೇಲೆ ನೆಲ ನೋಡಿದ.

ಅತ್ತೆಯ ಮುಖ ಸಡಿಲಾಯಿತು. "ಅಷ್ಟೇ ಏನು? ಅವಂಗ ಬರ್ತದ ಅದೆಲ್ಲಾ. ರಿಪೇರಿ ಮಾಡಿಕೊಂಡು ಬರ್ತಾನ ತಗೋ" ಎಂದು ಕಣ್ಣು ಮುಚ್ಚಿದಳು.

ನಾನು ಹೂಂ ಎಂದೆ. ಕೇಳಿಸಿರಲಿಕ್ಕಿಲ್ಲ ಎಂದು, ಇನ್ನೊಮ್ಮೆ ಜೋರಾಗಿ ಹೂಂ ಎಂದೆ.